‘ಕ್ರಿಸ್ತವಿರೋಧಿ’ ಸಾಕೇ? ಒಂದು ಭಿತ್ತಿಚಿತ್ರದ ಅಡಿಬರಹಕ್ಕೆ ಪದ ಬೇಕಾಗಿದೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಯುರೋಪಿನ ಚಿತ್ರಕಲೆಯನ್ನು ಕುರಿತ ಒಂದು ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಿತ್ರಗಳ ಅಡಿಬರಹಗಳು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಅವುಗಳಲ್ಲಿ ಒಂದು ಮಾತ್ರ ನಿಂತುಬಿಟ್ಟಿದೆ. ಇಟಲಿಯ ಒರ್ವಿಯೆತೊ ಕೆಥೆಡ್ರಲ್ಲಿನಲ್ಲಿ ಲೂಕಾ ಸಿನ್ಯೊರೆಲ್ಲಿ 1499ರಲ್ಲಿ ಕೈಹಾಕಿ ಬರೆದ ಲೋಕಾಂತ್ಯದ ಭಿತ್ತಿಚಿತ್ರಗಳಲ್ಲಿ ಒಂದಕ್ಕೆ ಇಟಾಲಿಯನ್ನಿನಲ್ಲಿ ‘ಆಂತಿಕ್ರಿಸ್ತೊ’ನ ಉಪದೇಶ ಮತ್ತು ಕೃತ್ಯಗಳು ಎಂಬ ಹೆಸರಿದೆ. ಕಡೆಗಾಲದಲ್ಲಿ ಕ್ರಿಸ್ತನಂತೆ ತೋರಿಸಿಕೊಂಡು ಬಂದು ಜನರನ್ನು ದಾರಿತಪ್ಪಿಸುವನೆಂದು ಕ್ರೈಸ್ತರು ನಂಬುವವನೇ ಈ ಆಂತಿಕ್ರಿಸ್ತೊ. ಕನ್ನಡ ಸತ್ಯವೇದದಲ್ಲಿ (ಬೈಬಲಿನಲ್ಲಿ) ಯೋಹಾನನ ಪತ್ರಿಕೆಗಳಲ್ಲಿ ಬರುವ ‘ಕ್ರಿಸ್ತವಿರೋಧಿ’ಯನ್ನೇ ತೆಗೆದುಕೊಂಡು ಮೊದಲು ಬರೆದುಬಿಟ್ಟೆ. ಆಮೇಲೆ ಚಿತ್ರವನ್ನು ಎದುರಿಗಿಟ್ಟುಕೊಂಡು ಓದಿದಾಗ ಅಡಿಬರಹವೂ ಚಿತ್ರವೂ ಒಂದಕ್ಕೊಂದು ಹೊಂದಲಿಲ್ಲ.

ಪೀಠದ ಮೇಲೆ ನಿಂತವನಿಗೆ ಕ್ರಿಸ್ತನದೇ ಮುಖ, ಅವನದೇ ಇಳಿಬಿಟ್ಟ ಕೂದಲು, ಅವನದೇ ಬಗೆಯ ಉಡುಪು. ಬೆನ್ನಿಗೆ ಅಂಟಿಕೊಂಡ ಸೈತಾನನು ಕಿವಿಯಲ್ಲಿ ಏನನ್ನೋ ಉಸುರುತ್ತಿದ್ದಾನೆ. ಸೈತಾನನ ಕೈ ಆ ನಿಲುವಂಗಿಯೊಳಗಿಂದ ತೂರಿಬಂದಂತಿದ್ದು, ಕಾಣುವ ಕೈ ಬೋಧಕನದೋ ಸೈತಾನನದೋ ಎಂದು ಹೇಳಲು ಎರಡು ಸಲ ನೋಡಬೇಕು. ಅವನ ಕಾಲಬಳಿ ಚಿನ್ನವೂ ಕಾಣಿಕೆಗಳೂ ಬಿದ್ದಿವೆ. ‘ವಿರೋಧಿ’ ಎಂದು ಓದಿದವರು ಕ್ರಿಸ್ತನ ಮೇಲೆ ಬೀಳುತ್ತಿರುವ ಶತ್ರುವೊಬ್ಬನನ್ನು ಈ ಚಿತ್ರದಲ್ಲಿ ಹುಡುಕುತ್ತಾರೆ. ಅಂಥವನು ಇಲ್ಲಿ ಇಲ್ಲ. ‘ಸುಳ್ಳುಕ್ರಿಸ್ತ’ ಎಂದರೆ ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದ ಬಹುವಚನದ ‘ಸುಳ್ಳುಕ್ರಿಸ್ತರು’ ನೆನಪಾಗುತ್ತಾರೆ, ಆದರೆ ಅಲ್ಲಿಯ ಗ್ರೀಕ್ ಪದವೇ ಬೇರೆ. ಒಂದೇ ಪದ ಬೇಕು. ಅದು ಅಡಿಬರಹದಲ್ಲಿ ವಿವರಣೆಯ ಆಸರೆಯಿಲ್ಲದೆ ನಿಲ್ಲಬೇಕು.

*

ಮರು: ‘ಕ್ರಿಸ್ತವಿರೋಧಿ’ ಸಾಕೇ?

ಸತ್ಯವೇದದಲ್ಲಿ ಪದವಿದೆ, ಓದುಗರಿಗೆ ಅದು ಗೊತ್ತಿದೆ. ರೂಢಿಯಲ್ಲಿ ನೆಲೆನಿಂತ ಪದವನ್ನು ಬಿಟ್ಟು ಹೊಸದನ್ನು ಟಂಕಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಚಿತ್ರಕ್ಕೆ ಹೊಂದುವುದಿಲ್ಲ ಎಂಬುದು ಚಿತ್ರಕಾರನ ವಿಷಯ, ಭಾಷಾಂತರಕಾರರದಲ್ಲ.

*

ಮರು: ‘ಕ್ರಿಸ್ತವಿರೋಧಿ’ ಸಾಕೇ?

‘ಹುಸಿಕ್ರಿಸ್ತ’ ಎಂದು ಬರೆಯಿರಿ. ಕನ್ನಡದ್ದೇ ಪದ ಇರುವಾಗ ಸಂಸ್ಕೃತದ ‘ವಿರೋಧಿ’ಯನ್ನು ಯಾಕೆ ಹೊರಬೇಕು ಎಂದು ಈ ಬಳಗದಲ್ಲಿ ಹತ್ತು ಸಲ ಕೇಳಿದ್ದೇನೆ, ಹನ್ನೊಂದನೆಯ ಸಲವೂ ಕೇಳುತ್ತೇನೆ.

ಕನ್ನಡದಲ್ಲಿ ಸುಳ್ಳು, ಕಳ್ಳ, ಹುಸಿ ಮೂರೂ ಬೇರೆ ಬೇರೆ ಕೆಲಸ ಮಾಡುತ್ತವೆ. ಸುಳ್ಳು ಮಾತಿಗೆ ಸೇರಿದ್ದು: ಸುಳ್ಳುಸಾಕ್ಷಿ, ಸುಳ್ಳುಸುದ್ದಿ. ಕಳ್ಳ ಎನ್ನುವುದು ಮರೆಯಲ್ಲಿ ನಡೆಯುವುದಕ್ಕೆ: ಕಳ್ಳದಾರಿ, ಕಳ್ಳಸಾಗಣೆ. ಹುಸಿ ಮಾತ್ರ ತೋರಿಕೆಗೆ ಸೇರಿದ್ದು. ಹುಸಿನಗು, ಹುಸಿನಿದ್ದೆ ಎನ್ನುವಾಗ ಹೊರಗೆ ಕಾಣುವುದು ನಿಜದಂತೆಯೇ ಇದ್ದು ಒಳಗೆ ಅದು ಇರುವುದಿಲ್ಲ. ಭರವಸೆ ಹುಸಿಯಾಯಿತು ಎಂದೂ ಹೇಳುತ್ತೇವೆ, ಅಂದರೆ ನಂಬಿದವರ ಕೈಬಿಟ್ಟಿತು. ತೋರಿಕೆಯೂ ಕೈಬಿಡುವುದೂ ಎರಡೂ ಒಂದೇ ಪದದಲ್ಲಿ ಸಿಗುತ್ತಿರುವಾಗ, ಕ್ರಿಸ್ತನ ಮುಖ ಹೊತ್ತು ಜನರನ್ನು ನಾಶಕ್ಕೆ ಒಯ್ಯುವವನಿಗೆ ಇದಕ್ಕಿಂತ ಒಪ್ಪುವ ಪದವನ್ನು ಯಾರಾದರೂ ತೋರಿಸಲಿ.

*

ಮರು: ‘ಹುಸಿಕ್ರಿಸ್ತ’

ಅರಿಸಮಾಸ. ಒಪ್ಪತಕ್ಕದ್ದಲ್ಲ.

*

ಮರು: ‘ಹುಸಿಕ್ರಿಸ್ತ’

ಅರಿಸಮಾಸದ ಬಗ್ಗೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ನಿಷೇಧವಿರುವುದು ಕನ್ನಡ ಮತ್ತು ಸಂಸ್ಕೃತ ಪದಗಳ ಕೂಡಿಕೆಗೆ. ‘ಕ್ರಿಸ್ತ’ ಸಂಸ್ಕೃತವಲ್ಲ, ಗ್ರೀಕಿನಿಂದ ಬಂದದ್ದು. ಆಕ್ಷೇಪಿಸಬೇಕೆಂದಿದ್ದರೆ ಸತ್ಯವೇದದ ‘ಸುಳ್ಳುಪ್ರವಾದಿ’ಯನ್ನು ಆಕ್ಷೇಪಿಸಬೇಕು, ಅದೇ ನಿಜವಾದ ಅರಿಸಮಾಸ. ಅದನ್ನು ತಲೆಮಾರುಗಳಿಂದ ಓದುತ್ತ ಬಂದಿರುವ ಯಾರೂ ಎಡವಿದ್ದನ್ನು ನಾನು ಕಂಡಿಲ್ಲ.

*

ಮರು: ‘ಆಂತಿ’ ಎಂದರೇನು?

ಮೂಲದ ಉಪಸರ್ಗವನ್ನೇ ಯಾರೂ ವಿಚಾರಿಸದಿರುವುದು ಆಶ್ಚರ್ಯ. ಗ್ರೀಕಿನ ‘ಆಂತಿ’ಯೂ ಸಂಸ್ಕೃತದ ‘ಅಂತಿ’ಯೂ ಜ್ಞಾತಿಪದಗಳು, ನಮ್ಮ ‘ಅಂತ’, ‘ಅಂತ್ಯ’ಗಳೂ ಅದೇ ಧಾತುವಿನ ಬಳಗದವು. ಬರುವವನು ಕಡೆಯ ಗಳಿಗೆಯಲ್ಲಿ ಬರುತ್ತಾನೆಂದು ಯೋಹಾನನೇ ಹೇಳುತ್ತಾನೆ. ಮಧ್ಯಯುಗದ ಜರ್ಮನ್ನಿನಲ್ಲಿ ಇವನನ್ನು ‘ಎಂಡೆಕ್ರಿಸ್ಟ್’ ಎಂದು, ಅಂದರೆ ಅಂತ್ಯದ ಕ್ರಿಸ್ತನೆಂದು ಕರೆಯುತ್ತಿದ್ದರು. ಆದ್ದರಿಂದ ‘ಅಂತ್ಯಕ್ರಿಸ್ತ’ ಎಂಬುದೇ ಧ್ವನಿಗೂ ಅರ್ಥಕ್ಕೂ ವ್ಯುತ್ಪತ್ತಿಗೂ ಸಮ್ಮತವಾದ ಪದ.

*

ಮರು: ‘ಆಂತಿ’ ಎಂದರೇನು?

ಮೊದಲು ‘ಅಂತ್ಯಕ್ರಿಸ್ತ’ದ ಮಾತು. ಧಾತುವಿನ ನಂಟನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಪದದ ಅರ್ಥವನ್ನು ಅದನ್ನು ಬಳಸಿದವರ ಬಾಯಲ್ಲಿ ಕೇಳಬೇಕೇ ಹೊರತು ಅದರ ಮುತ್ತಜ್ಜನ ಮನೆಯಲ್ಲಿ ಅಲ್ಲ. ಜರ್ಮನ್ನಿನ ‘ಎಂಡೆಕ್ರಿಸ್ಟ್’ ಜನರು ಕಿವಿಗೆ ಬಿದ್ದ ಅಪರಿಚಿತ ಪದವನ್ನು ತಮಗೆ ಗೊತ್ತಿದ್ದ ಪದಕ್ಕೆ ಹೊಂದಿಸಿಕೊಂಡ ಜನಪದ ನಿರುಕ್ತಿ. ಕ್ರಿಸ್ತನಿಗಿಂತ ಮುಂಚೆ ಬರುವವನೆಂದು ತಿಳಿದು ಲ್ಯಾಟಿನ್ನಿನ ಕೆಲವರು ‘ಆಂತೆ’ ಎಂದು ಬರೆದರು. ಫ್ರೆಂಚಿನಲ್ಲಿ ಇಂದಿಗೂ ಅದೇ ಕಾಗುಣಿತ ಉಳಿದಿದೆ. ಇವೆರಡೂ ವ್ಯಾಖ್ಯಾನದ ಇತಿಹಾಸಕ್ಕೆ ಅಮೂಲ್ಯ, ಅರ್ಥನಿರ್ಣಯಕ್ಕೆ ಪ್ರಮಾಣವಲ್ಲ. ‘ಅಂತ್ಯಕ್ರಿಸ್ತ’ ಎಂದು ಓದಿದ ಕನ್ನಡಿಗರು ಕ್ರಿಸ್ತನ ಎರಡನೆಯ ಬರವನ್ನೇ ನೆನೆಯುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಆಗಲಾರದು.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಆಂತಿ’ಗೆ ಎರಡು ಮುಖಗಳಿವೆ. ‘ಆಂತಿದಿಕೊಸ್’ ಎಂದರೆ ನ್ಯಾಯಾಲಯದಲ್ಲಿ ಎದುರು ನಿಲ್ಲುವ ಪ್ರತಿವಾದಿ, ಇಲ್ಲಿ ವಿರೋಧವಿದೆ. ‘ಆಂಥುಪತೊಸ್’ ಎಂದರೆ ರೋಮಿನ ಕಾನ್ಸುಲನ ಬದಲಿಗೆ ಪ್ರಾಂತವನ್ನು ಆಳುವ ಅಧಿಕಾರಿ. ಇಲ್ಲಿ ವಿರೋಧವೇ ಇಲ್ಲ, ಸ್ಥಾನದಲ್ಲಿ ನಿಲ್ಲುವುದಿದೆ. ಮಾರ್ಕನ ಸುವಾರ್ತೆ 10:45ರಲ್ಲಿ ಯೇಸು ತನ್ನ ಪ್ರಾಣವನ್ನು ಅನೇಕರಿಗಾಗಿ ಈಡು ಕೊಡುತ್ತೇನೆನ್ನುವಾಗಲೂ ಬರುವುದು ಇದೇ ‘ಆಂತಿ’. ಕ್ರಿಸ್ತನು ಅನೇಕರ ಬದಲಿಗೆ ನಿಲ್ಲುತ್ತಾನೆ, ಅವನ ಬದಲಿಗೆ ನಿಲ್ಲಲು ಇನ್ನೊಬ್ಬನು ಬರುತ್ತಾನೆ. ‘ವಿರೋಧಿ’ ಎಂದ ಕೂಡಲೇ ಈ ಎರಡನೆಯ ಮುಖ ಪೂರ್ತಿಯಾಗಿ ಮುಚ್ಚಿಹೋಗುತ್ತದೆ.

‘ರೂಢಿಯ ಪದ ಸಾಕು’ ಎಂದವರು ಇನ್ನೊಂದನ್ನೂ ಗಮನಿಸಬೇಕು. ‘ಆಂತಿಕ್ರಿಸ್ತೊಸ್’ ಸತ್ಯವೇದದಲ್ಲಿ ಬರುವುದು ಐದೇ ಸಲ, ಅದೂ ಯೋಹಾನನ ಮೊದಲ ಎರಡು ಪತ್ರಿಕೆಗಳಲ್ಲಿ ಮಾತ್ರ. ಲೋಕಾಂತ್ಯವನ್ನು ಹೇಳುವ ಕೊನೆಯ ಪುಸ್ತಕವಾದ ಪ್ರಕಟನೆಯ ಗ್ರಂಥದಲ್ಲಿ ಆ ಪದ ಒಮ್ಮೆಯೂ ಇಲ್ಲ. ಯೋಹಾನನಲ್ಲಿ ಅದು ಒಬ್ಬನನ್ನಷ್ಟೇ ಹೇಳದೆ ಆಗಲೇ ಎದ್ದಿರುವ ಅನೇಕರನ್ನೂ, ಯೇಸುವನ್ನು ಕ್ರಿಸ್ತನಲ್ಲವೆಂದು ಅಲ್ಲಗಳೆಯುವ ಬೋಧಕರನ್ನೂ ಸೂಚಿಸುತ್ತದೆ. ಅಲ್ಲಗಳೆಯುವವರಿಗೆ ‘ವಿರೋಧಿಗಳು’ ಎನ್ನುವುದು ಸಲ್ಲುತ್ತದೆ, ಆದ್ದರಿಂದ ಆ ಪತ್ರಿಕೆಗಳಲ್ಲಿ ನಮ್ಮ ಹಿರಿಯ ಭಾಷಾಂತರಕಾರರ ಪದವನ್ನು ನಾನು ಅಲುಗಿಸುವುದಿಲ್ಲ.

ಸಿನ್ಯೊರೆಲ್ಲಿ ಬರೆದವನು ಈ ಬೋಧಕರಲ್ಲಿ ಒಬ್ಬನಲ್ಲ. ಅವನು ಹಲವು ಪ್ರವಾದನೆಗಳನ್ನು ಒಂದಾಗಿ ಹೆಣೆದಾಗ ಮೂಡಿದ ವ್ಯಕ್ತಿ. ದಾನಿಯೇಲನ ಗ್ರಂಥದ ಗರ್ವಿಷ್ಠ ಅರಸ, ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ದೇವರ ಆಲಯದೊಳಗೆ ಕೂತು ತಾನೇ ದೇವರೆಂದು ತೋರಿಸಿಕೊಳ್ಳುವ ಅಧರ್ಮಸ್ವರೂಪ, ಪ್ರಕಟನೆ 13ರ ಮೃಗ, ಯೋಹಾನನ ಪದ – ಇವನ್ನೆಲ್ಲ ಕೂಡಿಸಿ ಒಬ್ಬನನ್ನಾಗಿ ವಿವರಿಸುವ ಕೆಲಸವನ್ನು ಎರಡನೆಯ ಶತಮಾನದ ಕೊನೆಗೆ ಕ್ರೈಸ್ತ ಧರ್ಮಶಾಸ್ತ್ರಜ್ಞರಾದ ಇರೇನಿಯಸನೂ ಅವನ ಹಿಂದೆಯೇ ಹಿಪ್ಪೊಲಿಟಸನೂ ವಿಸ್ತಾರವಾಗಿ ಮಾಡಿದರು. ಈ ಪಠ್ಯಗಳಿಗೆ ತಮ್ಮತಮ್ಮ ಕಾಲದ ಗಾಯಗಳಿವೆ. ದಾನಿಯೇಲನ ಹಿಂದೆ ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ಆಲಯವನ್ನು ಹೊಲೆಮಾಡಿದ ಗ್ರೀಕ್ ಅರಸ ನಾಲ್ಕನೆಯ ಆಂತಿಯೊಕಸ್ ಇದ್ದಾನೆ. ಅದೇ ಆಲಯದಲ್ಲಿ ತನ್ನ ಪ್ರತಿಮೆ ನಿಲ್ಲಿಸಲು ರೋಮಿನ ಚಕ್ರವರ್ತಿ ಕ್ಯಾಲಿಗುಲಾ ಆಜ್ಞೆ ಮಾಡಿದ್ದ ನೆನಪು ಪೌಲನ ಕಾಲದವರಿಗೆ ಹಸಿಯಾಗಿಯೇ ಇತ್ತು. ಮೃಗದ ಸಂಖ್ಯೆ 666 ಎಂಬುದು ರೋಮಿನ ಇನ್ನೊಬ್ಬ ಚಕ್ರವರ್ತಿ ನೀರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಒಂದೊಂದು ಅಕ್ಷರದ ಸಂಖ್ಯಾಬೆಲೆಯನ್ನು ಕೂಡಿಸಿದರೆ ಬರುವ ಮೊತ್ತವೆಂದು ಬಹಳ ವಿದ್ವಾಂಸರು ಒಪ್ಪುತ್ತಾರೆ; ಕೆಲವು ಹಸ್ತಪ್ರತಿಗಳ 616, ಆ ಹೆಸರಿನ ಕೊನೆಯ ‘ನ್’ ಬಿಟ್ಟರೆ ಬರುವ ಮೊತ್ತ.

ಈ ವ್ಯಕ್ತಿಯ ಲಕ್ಷಣವೇನು? ಪ್ರಕಟನೆ 5:6ರಲ್ಲಿ ಕ್ರಿಸ್ತನನ್ನು ಸೂಚಿಸುವ ಕುರಿಮರಿ ‘ಕೊಯ್ಯಲ್ಪಟ್ಟಂತೆ’ ನಿಂತಿದೆ. 13:3ರಲ್ಲಿ ಮೃಗದ ಒಂದು ತಲೆಗೂ ಗ್ರೀಕಿನಲ್ಲಿ ಅದೇ ಕ್ರಿಯಾಪದ, ಅದೇ ‘ಅಂತೆ’. ಮೃಗದ ಗಾಯ ಕುರಿಮರಿಯ ಗಾಯದ ನಕಲು. ಭಾಷಾಂತರದಲ್ಲಿ ಒಂದು ಕಡೆ ‘ಕೊಯ್ಯುವುದು’, ಇನ್ನೊಂದು ಕಡೆ ‘ಗಾಯಗೊಳ್ಳುವುದು’ ಎಂದು ಬರೆದರೆ ಬರೆದವನ ಉದ್ದೇಶವೇ ಓದುಗನಿಗೆ ಸಿಗದೆಹೋಗುತ್ತದೆ. ಅದೇ ಅಧ್ಯಾಯದ ಎರಡನೆಯ ಮೃಗಕ್ಕೆ ಕುರಿಮರಿಯಂಥ ಕೊಂಬುಗಳಿದ್ದು ಮಾತು ಮಾತ್ರ ಘಟಸರ್ಪದ್ದು. ಒರ್ವಿಯೆತೊದ ಗೋಡೆಯ ಮೇಲಿನ ಆ ಎರಡು ಸಲ ನೋಡಬೇಕಾದ ಕೈ ಈ ವಾಕ್ಯಗಳ ನೇರ ವ್ಯಾಖ್ಯಾನ.

ಎದುರಾಗುವುದು, ಬದಲಾಗಿ ನಿಲ್ಲುವುದು, ಹೋಲುವುದು ಎಂಬ ಮೂರನ್ನೂ ಒಟ್ಟಿಗೆ ಹೊರಬಲ್ಲ ಉಪಸರ್ಗ ಕನ್ನಡದಲ್ಲಿ ಬಹಳ ಕಾಲದಿಂದ ಇದೆ. ಪ್ರತಿವಾದಿ, ಪ್ರತಿಪಕ್ಷಗಳಲ್ಲಿ ಎದುರು, ಪ್ರತಿನಿಧಿಯಲ್ಲಿ ಬದಲು, ಪ್ರತಿಮೆ, ಪ್ರತಿಬಿಂಬಗಳಲ್ಲಿ ಹೋಲಿಕೆ. ವಿಶ್ವಾಮಿತ್ರನ ಪ್ರತಿಸೃಷ್ಟಿಯಲ್ಲಂತೂ ಮೂರೂ ಒಟ್ಟಿಗೆ ಇವೆ. ನನ್ನ ಪದ ‘ಪ್ರತಿಕ್ರಿಸ್ತ’.

*

ಮರು: ‘ಪ್ರತಿಕ್ರಿಸ್ತ’

ಮತ್ತೆ ಸಂಸ್ಕೃತ! ‘ಪ್ರತಿ ಮನೆ’ ಎಂದರೆ ಒಂದೊಂದು ಮನೆಯೂ ಎಂದರ್ಥ, ‘ಪ್ರತಿಕ್ರಿಸ್ತ’ ಎಂದರೆ ಒಬ್ಬೊಬ್ಬ ಕ್ರಿಸ್ತನೂ ಎಂದು ಓದುವವರಿಗೆ ಏನು ಹೇಳುತ್ತೀರಿ? ‘ಹುಸಿ’ ಬೇಡವಾದರೆ ‘ಎದುರುಕ್ರಿಸ್ತ’ ಇದೆಯಲ್ಲ. ಎಲ್ಲ ಇಕ್ಕಟ್ಟಿನಲ್ಲೂ ಸಂಸ್ಕೃತದ ಕಣಜಕ್ಕೇ ಕೈಹಾಕುವ ಅಭ್ಯಾಸದಿಂದ ಕನ್ನಡದ ಪದಕಟ್ಟುವ ಶಕ್ತಿ ಕುಗ್ಗುತ್ತಿದೆ ಎಂಬುದು ನನ್ನ ನಿಜವಾದ ನೋವು.

*

ಮರು: ‘ಪ್ರತಿಕ್ರಿಸ್ತ’

ಇಷ್ಟೆಲ್ಲ ಯಾಕೆ? ‘ಆಂಟಿಕ್ರೈಸ್ಟ್’ ಎಂದೇ ಬರೆಯಿರಿ. ‘ಕ್ರಿಸ್ತ’ನನ್ನು ಎರವಲು ಪಡೆದ ಭಾಷೆ ಅವನ ಉಪಸರ್ಗವನ್ನೂ ಪಡೆಯಬಹುದು.

*

ಮರು: ಎರವಲು

ಉಪಸರ್ಗವನ್ನು ಎರವಲು ತಂದರೆ ಅದರ ಜತೆ ಒಂದೇ ಅರ್ಥ ಬರುತ್ತದೆ, ಮತ್ತು ಅದು ‘ವಿರುದ್ಧ’ ಎಂಬುದೇ. ಇಂಗ್ಲಿಷಿನಿಂದ ಬಂದ ‘ಆಂಟಿ’ಗೆ ಕನ್ನಡದಲ್ಲಿ ಬೇರೆ ಅರ್ಥವಿಲ್ಲ. ಎರವಲನ್ನು ನಾನು ವಿರೋಧಿಸುವುದಿಲ್ಲ. ಸಿರಿಯಾಕ್ ಸತ್ಯವೇದದವರು ಮತ್ತಾಯ 24ರ ಸುಳ್ಳುಕ್ರಿಸ್ತರನ್ನು ಹೇಳಲು ತಮ್ಮಲ್ಲೇ ಇದ್ದ ‘ದಗ್ಗಾಲ’ ಎಂಬ ಪದವನ್ನು, ಅಂದರೆ ಮೋಸಗಾರನೆಂಬುದನ್ನು, ಬಳಸಿದರು. ಅರಬ್ಬೀಯ ‘ದಜ್ಜಾಲ್’ ಅದರ ಒಡಹುಟ್ಟು, ಮುಸ್ಲಿಮರ ನಂಬಿಕೆಯಲ್ಲಿ ಕಡೆಗಾಲದ ಸುಳ್ಳು ಮಸೀಹನ ಹೆಸರೂ ಅದೇ. ಎರವಲಾಗಲಿ ಸ್ವಂತವಾಗಲಿ, ಪದವು ತನ್ನ ಓದುಗರಿಗೆ ಒಳಗಿನಿಂದ ಅರ್ಥ ಕೊಡಬೇಕು.

‘ಎದುರುಕ್ರಿಸ್ತ’ದಲ್ಲಿ ಎದುರು ನಿಲ್ಲುವ ಅರ್ಥವಷ್ಟೇ ಇದೆ, ಬದಲಾಗಿ ನಿಲ್ಲುವ ಅರ್ಥ ಇಲ್ಲ. ‘ಹುಸಿಕ್ರಿಸ್ತ’ ಒಳ್ಳೆಯ ಪದವೆಂದು ಮನಸಾರೆ ಒಪ್ಪುತ್ತೇನೆ. ಆದರೆ ಅದು ನಿಜವಾಗಿ ಸಲ್ಲುವುದು ತಾನೇ ಮೆಸ್ಸೀಯನೆಂದು, ಅಂದರೆ ಬರಬೇಕಾದ ಕ್ರಿಸ್ತನೆಂದು, ಹೇಳಿಕೊಂಡು ಅಥವಾ ಹಾಗೆಂದು ಜನರಿಂದ ಕರೆಸಿಕೊಂಡು ಸೋತವರಿಗೆ. ಕ್ರಿ.ಶ. 132ರಲ್ಲಿ ರೋಮಿನ ಮೇಲೆ ದಂಗೆಯೆದ್ದ ಯೆಹೂದಿ ನಾಯಕ ಸಿಮೋನನನ್ನು ರಬ್ಬಿ ಅಕೀವ ‘ಬಾರ್ ಕೊಖ್ಬಾ’, ನಕ್ಷತ್ರಪುತ್ರ, ಎಂದು ಹಾಡಿಹೊಗಳಿದರು. ದಂಗೆ ಅಡಗಿದ ಮೇಲೆ ಪರಂಪರೆ ಅವನನ್ನು ‘ಬಾರ್ ಕೊಜೀಬಾ’, ಸುಳ್ಳಿನ ಮಗ, ಎಂದಿತು. ಒಂದಕ್ಷರದ ಆಚೀಚೆಯಲ್ಲಿ ಭರವಸೆ ಹುಸಿಯಾದದ್ದು ಹಾಗೆ. ಚಿತ್ರದಲ್ಲಿರುವವನು ಸೋತ ನಾಯಕನಲ್ಲ, ಪೂಜೆಯನ್ನೇ ಕಸಿದುಕೊಳ್ಳುವವನು.

ಇನ್ನೊಂದು ಎಚ್ಚರಿಕೆಯನ್ನು ಪ್ರಶ್ನೆ ಕೇಳಿದವರಿಗೆ ಹೇಳಲೇಬೇಕು. ಈ ಪದ ಶತಮಾನಗಳ ಕಾಲ ಜೀವಂತ ಮನುಷ್ಯರ ಮೇಲೆ ಎಸೆದ ಕಲ್ಲು. ಪ್ರೊಟೆಸ್ಟಂಟ್ ಸುಧಾರಕ ಲೂಥರನ 1537ರ ಶ್ಮಾಲ್ಕಾಲ್ಡ್ ವಿಧಿಗಳು ಪೋಪ್ ಪದವಿಯನ್ನೇ ಹಾಗೆಂದು ಕರೆದವು, 1646ರ ವೆಸ್ಟ್‌ಮಿನ್ಸ್ಟರ್ ವಿಶ್ವಾಸಪ್ರಮಾಣವೂ ಹಾಗೆಯೇ ಹೇಳಿತು. ಅದಕ್ಕೆ ಎದುರಾಗಿ ಫ್ರಾನ್ಸಿಸ್ಕೊ ರಿಬೇರನಂಥ ಜೆಸುಯಿಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘದ) ವ್ಯಾಖ್ಯಾನಕಾರರು ಅವನನ್ನು ಲೋಕಾಂತ್ಯದ ಮುಂಚಿನ ಅಲ್ಪಕಾಲಕ್ಕೆ ಸರಿಸಿದರು. ಭಾಷಾಂತರಕಾರರು ಪದವನ್ನು ಆರಿಸುವಾಗ ಯಾರ ಪಕ್ಷದ ಕಲ್ಲನ್ನೂ ಕೈಗೆ ತೆಗೆದುಕೊಳ್ಳಬಾರದು. ‘ಪ್ರತಿಕ್ರಿಸ್ತ’ ವಿವರಿಸುತ್ತದೆ, ಯಾರನ್ನೂ ಬೆರಳುಮಾಡಿ ತೋರಿಸುವುದಿಲ್ಲ. ‘ಪ್ರತಿ’ಯನ್ನು ಬಿಡಿಸಿ ಬರೆದರೆ ಮೇಲಿನವರು ಹೇಳಿದ ತಪ್ಪು ಅರ್ಥ ಬರುವುದು ನಿಜ, ಆದ್ದರಿಂದ ಕಡ್ಡಾಯವಾಗಿ ಕೂಡಿಸಿಯೇ ಬರೆಯಬೇಕು.

*

ಮರು: ‘ಕ್ರಿಸ್ತವಿರೋಧಿ’ ಸಾಕೇ?

ಎಲ್ಲರಿಗೂ ಕೃತಜ್ಞತೆಗಳು. ಅಡಿಬರಹವನ್ನು ‘ಪ್ರತಿಕ್ರಿಸ್ತನ ಉಪದೇಶ ಮತ್ತು ಕೃತ್ಯಗಳು’ ಎಂದು ಬರೆದು ಕಳುಹಿಸುತ್ತಿದ್ದೇನೆ, ಪದವನ್ನು ಒಂದೇ ಸಾಲಿನಲ್ಲಿ ಇಡುವಂತೆ ಅಕ್ಷರಜೋಡಣೆಯವರಿಗೂ ಹೇಳಿದ್ದೇನೆ. ಸಾಲು ಮುರಿದು ‘ಪ್ರತಿ’ ಮೇಲೆಯೂ ‘ಕ್ರಿಸ್ತ’ ಕೆಳಗೆಯೂ ಬಿದ್ದರೆ ಇಷ್ಟು ಚರ್ಚೆ ಮಾಡಿದ್ದೂ ವ್ಯರ್ಥವಾಗುತ್ತದೆ. ಯೋಹಾನನ ಪತ್ರಿಕೆಯಿಂದ ಉದ್ಧರಿಸಿದ ಕಡೆ ‘ಕ್ರಿಸ್ತವಿರೋಧಿ’ಯನ್ನು ಹಾಗೆಯೇ ಉಳಿಸಿದ್ದೇನೆ. ‘ಹುಸಿ’ಯ ಬಗ್ಗೆ ಬರೆದವರ ಮಾತು ಮನಸ್ಸಿಗೆ ಹತ್ತಿದ್ದರಿಂದ, ಚಿತ್ರದ ವಿವರಣೆಯಲ್ಲಿ ಆ ಮುಖಕ್ಕೆ ‘ಹುಸಿಶಾಂತಿ’ ಎಂಬ ಪದವನ್ನು ಬಳಸಿದ್ದೇನೆ. ಪದಸೂಚಿಯಲ್ಲಿ ‘ಕ್ರಿಸ್ತವಿರೋಧಿ: ಪ್ರತಿಕ್ರಿಸ್ತ ನೋಡಿ’ ಎಂದು ಒಂದು ನಮೂದು ಇರುತ್ತದೆ.