‘ಲಾಬಿ’ ಮಾಡುವವರನ್ನು ಏನೆಂದು ಕರೆಯೋಣ?

ಗೆಳೆಯರೇ,

ಅಮೆರಿಕದಲ್ಲಿ ಕಾನೂನುಗಳು ಹೇಗೆ ರೂಪುಗೊಳ್ಳುತ್ತವೆ ಎಂಬ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಲಾಬಿಯಿಸ್ಟ್’ ಎಂಬ ಪದ ಬಂದಲ್ಲೆಲ್ಲ ಬರವಣಿಗೆ ನಿಂತುಬಿಡುತ್ತಿದೆ.

ನಮ್ಮ ಪತ್ರಿಕೆಗಳಲ್ಲಿ ಲಾಬಿ ಅಂದರೆ ಜಾಸ್ತಿ ಕಾಣುವುದು ‘ಸಚಿವ ಸ್ಥಾನಕ್ಕೆ ಲಾಬಿ’, ‘ಟಿಕೆಟ್‌ಗೆ ಲಾಬಿ’. ಅಂದರೆ ತನಗೊಂದು ಕುರ್ಚಿ ಬೇಕೆಂದು ದೊಡ್ಡವರ ಮನೆ ಬಾಗಿಲಿಗೆ ಅಲೆಯುವುದು. ‘ಮದ್ಯದ ಲಾಬಿ’ ಅಂದಾಗ ಅದು ಗುಂಪಿನ ಹೆಸರಾಗುತ್ತದೆ ನಿಜ, ಆದರೆ ಆಗಲೂ ಕಳ್ಳ ವ್ಯವಹಾರದ ವಾಸನೆ ಬಿಡುವುದಿಲ್ಲ.

ನನಗೆ ಬೇಕಿರುವುದು ಅದಲ್ಲ. ಅಲ್ಲಿ ಲಾಬಿ, ಅಂದರೆ ಯಾರದೋ ಪರವಾಗಿ ಶಾಸಕರನ್ನು ಕಂಡು ಕಾನೂನಿನ ವಿಷಯದಲ್ಲಿ ಮನವೊಲಿಸುವುದು, ಸಂಬಳದ ಕೆಲಸ. 1995ರ ಕಾನೂನಿನಂತೆ ಹೆಸರು ನೋಂದಾಯಿಸಬೇಕು. 2007ರಲ್ಲಿ ಕಾನೂನು ಬಿಗಿಯಾದ ಮೇಲೆ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು: ಯಾರ ಪರವಾಗಿ, ಯಾವ ಮಸೂದೆ, ಎಷ್ಟು ಹಣ. ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಔಷಧ ಕಂಪನಿಗಳ ಸಂಘಕ್ಕೂ ಇಂಥವರಿದ್ದಾರೆ, ರೋಗಿಗಳ ಪರ ಸಂಘಕ್ಕೂ ಇದ್ದಾರೆ. ಹಾಗಾಗಿ ವಶೀಲಿ, ದಲ್ಲಾಳಿ ಎಂದು ಬರೆದರೆ ತಪ್ಪಾಗುತ್ತದೆ.

ಪಠ್ಯಪುಸ್ತಕದ ‘ಒತ್ತಡ ಗುಂಪು’ ಗುಂಪಿಗೆ ಸರಿ, ಆದರೆ ಈ ಕೆಲಸಕ್ಕೆ ಹೊಂದುವುದಿಲ್ಲ. ಬಹಳಷ್ಟು ಸಲ ಒತ್ತಡವೇ ಇರುವುದಿಲ್ಲ. ಶಾಸಕರ ಸಹಾಯಕರ ಮೇಜಿನ ಮೇಲೆ ಮಸೂದೆಗಳ ರಾಶಿ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲ. ಅಂಥ ಹೊತ್ತಿಗೆ ಇವರು ಅಂಕಿಅಂಶ ಜೋಡಿಸಿ ಟಿಪ್ಪಣಿ ಕೊಡುತ್ತಾರೆ, ತಿದ್ದುಪಡಿಯನ್ನೂ ಬರೆದೇ ತಂದಿರುತ್ತಾರೆ. ನಮ್ಮ ಕಾನೂನಿನ ಭಾಷೆಯಲ್ಲೇ ಹೇಳುವುದಾದರೆ, ‘ತಪಾಸಣೆ ಮಾಡತಕ್ಕದ್ದು’ ಎಂದಿದ್ದದ್ದು ‘ಮಾಡಬಹುದು’ ಆಗುತ್ತದೆ. ಅಷ್ಟೇ ಸಾಕು, ಕಡ್ಡಾಯವಾಗಿದ್ದ ತಪಾಸಣೆ ಅಧಿಕಾರಿಯ ಮನಸ್ಸಿಗೆ ಬಿಟ್ಟ ವಿಷಯವಾಗುತ್ತದೆ. ಬೆದರಿಕೆಯಿಲ್ಲ, ಲಂಚವಿಲ್ಲ, ಕಾನೂನು ಮಾತ್ರ ಬದಲಾಯಿತು. ನನ್ನ ಮಟ್ಟಿಗೆ ಓದುಗರು ಗಮನಿಸಬೇಕಾದದ್ದೇ ಇದನ್ನು. ಪದವೇ ‘ಕಳ್ಳರು’ ಎಂದು ಕೂಗಿಬಿಟ್ಟರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ?

‘ಮನವಿಗಾರ’ ತೀರಾ ಸಪ್ಪೆ. ‘ಪ್ರಭಾವಿ’ ಬೇರೆಯದೇ ಅರ್ಥ ಕೊಡುತ್ತದೆ. ಸದ್ಯಕ್ಕೆ ‘ಲಾಬಿಗಾರ’ ಎಂದು ಬರೆದಿದ್ದೇನೆ. ಮಾತುಗಾರ, ಬರಹಗಾರದ ಜೊತೆ ನಾಲಿಗೆಗೆ ಸುಲಭವಾಗಿ ಬರುತ್ತದೆ. ನಿಮ್ಮ ಕಿವಿಗೆ ಇದು ಬೈಗುಳದಂತೆ ಕೇಳುತ್ತದೆಯೇ, ಅಥವಾ ಒಂದು ಉದ್ಯೋಗದ ಹೆಸರಿನಂತೆಯೇ?

ಇನ್ನೊಂದು. ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಸದಸ್ಯತ್ವ ಬಿಟ್ಟವರು 2 ವರ್ಷ ಈ ಕೆಲಸಕ್ಕಾಗಿ ಸಂಸತ್ತಿನವರನ್ನು ಸಂಪರ್ಕಿಸುವಂತಿಲ್ಲ. ಆ ಕಾಯುವ ಅವಧಿಗೆ ‘ತಡೆ ಅವಧಿ’ ಸಾಕೇ?