ನಾಟಕದ ವಿಡಿಯೊವನ್ನು ತರಗತಿಯಲ್ಲಿ ಹೇಗೆ ಬಳಸಬೇಕು? ‘ಶಬರಿ’ ಪಾಠದ ನೆಪದಲ್ಲಿ ಒಂದು ಪ್ರಶ್ನೆ

ಪ್ರಶ್ನೆ: ಹೈಸ್ಕೂಲು ಮೇಷ್ಟ್ರು, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಹತ್ತನೆಯ ತರಗತಿಯ ಪ್ರಥಮ ಭಾಷೆಯಲ್ಲಿ ನಾವು ಹೇಳಿಕೊಡುತ್ತ ಬಂದಿರುವ ಪು.ತಿ.ನ. ಅವರ ‘ಶಬರಿ’ ಗೀತನಾಟಕವನ್ನು ಉಳಿದ ಗದ್ಯಪಾಠಗಳಂತೆಯೇ ಓದಿಸಿ, ಕಠಿಣ ಪದಗಳ ಅರ್ಥ ಬರೆಸಿ, ಯಾವ ಮಾತನ್ನು ಯಾರು ಯಾರಿಗೆ ಹೇಳಿದರೆಂದು ಕೇಳಿ ಮುಗಿಸುವಾಗ, ಹಾಡಲಿಕ್ಕೂ ಆಡಲಿಕ್ಕೂ ಹುಟ್ಟಿದ ಕೃತಿಯೊಂದಕ್ಕೆ ಅನ್ಯಾಯ ಮಾಡುತ್ತಿದ್ದೇನೆ ಎಂಬ ಅಳುಕು ಪ್ರತಿ ವರ್ಷವೂ ಕಾಡುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಶಾಲೆಗೊಂದು 43 ಇಂಚಿನ ಟಿ.ವಿ. ಕೊಡಿಸಿದ್ದರಿಂದ ಈ ಸಲ ಧೈರ್ಯ ಮಾಡಿ, ಹವ್ಯಾಸಿ ತಂಡವೊಂದು ಆಡಿದ ‘ಶಬರಿ’ಯ ವಿಡಿಯೊವನ್ನು ಹುಡುಕಿ ತೋರಿಸಿದೆ.

ನಾನು ಎಣಿಸಿದಂತೆ ಆಗಲಿಲ್ಲ. ಊಟದ ನಂತರದ ಪೀರಿಯಡ್ಡು. ಪಡುವಣ ಕಿಟಕಿಯ ಬಿಸಿಲು ನೇರವಾಗಿ ಟಿ.ವಿ.ಯ ಮೇಲೆ ಬೀಳುತ್ತಿತ್ತು. ಕ್ಯಾಮೆರಾವನ್ನು ಸಭಾಂಗಣದ ಕೊನೆಯಲ್ಲಿಟ್ಟು ಚಿತ್ರಿಸಿದ್ದರಿಂದ ಪಾತ್ರಗಳ ಮಾತಿಗಿಂತ ಫ್ಯಾನಿನ ಸದ್ದೇ ಹೆಚ್ಚಾಗಿ ಕೇಳುತ್ತಿತ್ತು. ಶಬರಿಯ ಪಾತ್ರಧಾರಿ ತಲೆಯಾಡಿಸಿದಾಗ ಬಿಳಿಯ ವಿಗ್ಗಿನ ಅಡಿಯಿಂದ ಕಪ್ಪು ಕೂದಲು ಇಣುಕಿದ್ದೇ ತಡ, ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಇನ್ನು ನಿಲ್ಲಿಸಿಬಿಡೋಣ ಎಂದುಕೊಳ್ಳುತ್ತಿದ್ದಾಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು, “ಸರ್, ರಾಮ ಲಕ್ಷ್ಮಣ ಇಬ್ಬರೂ ಅಲ್ಲೇ ನಿಂತಿದ್ದಾರಲ್ಲ, ಅವಳಿಗೆ ಯಾಕೆ ಕಾಣಿಸುತ್ತಿಲ್ಲ?” ಎಂದು ಕೇಳಿದಳು. ಹನ್ನೊಂದು ವರ್ಷ ಪುಸ್ತಕ ಹಿಡಿದು ಪಾಠ ಮಾಡಿದಾಗ ಒಬ್ಬರೂ ಕೇಳದಿದ್ದ ಪ್ರಶ್ನೆ ಅದು.

ಆದ್ದರಿಂದ ಪ್ರಯತ್ನವನ್ನು ಕೈಬಿಡಲು ಮನಸ್ಸಿಲ್ಲ. ವಿಡಿಯೊವನ್ನು ಪಾಠಕ್ಕೆ ಮೊದಲು ತೋರಿಸಬೇಕೇ, ನಂತರವೇ? ಇಡಿಯಾಗಿ ತೋರಿಸಬೇಕೇ, ತುಣುಕುಗಳಾಗಿಯೇ? ಹೀಗೆ ತೋರಿಸುವುದಕ್ಕೆ ಕಾನೂನಿನ ಅಡ್ಡಿಯೇನಾದರೂ ಇದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಪಿಯು ಉಪನ್ಯಾಸಕಿ, ಶಿವಮೊಗ್ಗ

ಸರ್, ಆ ಹುಡುಗಿ ಕೇಳಿದ ಪ್ರಶ್ನೆಯಿಂದಲೇ ಪಾಠವನ್ನು ಮತ್ತೆ ಆರಂಭಿಸಿ. ಶಬರಿ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತ ಬರುತ್ತಿದ್ದಾಳೆ. ಅವಳು ಯಾರಿಗಾಗಿ ಕಾಯುತ್ತಿದ್ದಾಳೋ ಅವನು ಆಗಲೇ ಬಂದು ನಿಂತಿದ್ದಾನೆ. ಇದು ಅವಳೊಬ್ಬಳಿಗೆ ಬಿಟ್ಟು ನಮಗೆಲ್ಲ ಗೊತ್ತು. ಓದುವಾಗ ಒಂದರ ನಂತರ ಒಂದಾಗಿ ಬರುವ ಸಂಗತಿಗಳು ರಂಗದ ಮೇಲೆ ಒಟ್ಟಿಗೇ ಕಾಣುತ್ತವೆ, ಆ ದೃಶ್ಯದ ಸೊಗಸು ಇರುವುದೂ ಅಲ್ಲಿಯೇ. ಸಂದರ್ಭದೊಡನೆ ಸ್ವಾರಸ್ಯ ಬರೆಯಿರಿ ಎಂದು ನಾವು ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ, ಆದರೆ ಮಕ್ಕಳು ಗೈಡಿನಿಂದ ಉರು ಹೊಡೆದ ನಾಲ್ಕು ಸಾಲುಗಳನ್ನು ಬರೆದು ಕೊಡುತ್ತಾರೆ.

ಮೊದಲೋ ನಂತರವೋ ಎಂಬುದಕ್ಕೆ, ನಾನು ಎಡವಿ ಕಲಿತದ್ದನ್ನು ಹೇಳುತ್ತೇನೆ. ಪ್ರಥಮ ಪಿಯುಸಿಗೆ ನಾನು ಹೇಳಿಕೊಟ್ಟ ನಾಟಕ ಚಂದ್ರಶೇಖರ ಕಂಬಾರರ ‘ಬೋಳೇಶಂಕರ’. ಟಾಲ್‌ಸ್ಟಾಯ್ ಅವರ ಕಥೆಯೊಂದನ್ನು ಆಧರಿಸಿದ ಈ ನಾಟಕವನ್ನು ಬೇರೆ ಬೇರೆ ತಂಡಗಳು ಆಡಿವೆ. ಮೊದಲ ವರ್ಷ ಉತ್ಸಾಹದಲ್ಲಿ, ಪುಸ್ತಕ ತೆರೆಯುವುದಕ್ಕೂ ಮುಂಚೆ ಒಂದು ಪ್ರಯೋಗದ ವಿಡಿಯೊ ಪೂರ್ತಿ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕು ನೋಡಿದರು. ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಕೂತಾಗ ನೋಡಿದರೆ, ಆ ತಂಡದವರು ನಗೆಗಾಗಿ ತಾವೇ ಸೇರಿಸಿಕೊಂಡಿದ್ದ ಮಾತುಗಳನ್ನು ಹದಿನಾಲ್ಕು ಮಂದಿ ಕಂಬಾರರ ಮಾತುಗಳೆಂದೇ ಬರೆದಿದ್ದರು. ತಪ್ಪು ಅವರದಲ್ಲ, ನನ್ನದು. ಒಂದು ಪ್ರಯೋಗವನ್ನೇ ನಾಟಕವೆಂದು ಅವರ ಮುಂದೆ ಇಟ್ಟವಳು ನಾನು.

ಈಗ ಅನುಸರಿಸುವ ಕ್ರಮ ಬೇರೆ. ಮೊದಲು ಪಾತ್ರ ಹಂಚಿ ಗಟ್ಟಿಯಾಗಿ ಓದಿಸುತ್ತೇನೆ. ನಂತರ ಬೆಂಚುಗಳನ್ನು ಹಿಂದಕ್ಕೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ರಂಗದ ಗೆರೆ ಎಳೆದು, ಯಾರು ಎಲ್ಲಿ ನಿಲ್ಲಬೇಕು, ಎತ್ತ ನೋಡಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸುವಂತೆ ಮಾಡುತ್ತೇನೆ. ಇದರ ಮೇಲೆ ಜಗಳವಾದ ಬಳಿಕವೇ ವಿಡಿಯೊ, ಅದೂ ಐದಾರು ನಿಮಿಷದ ಒಂದು ದೃಶ್ಯ ಮಾತ್ರ. ಒಮ್ಮೆ ಧ್ವನಿಯೊಂದಿಗೆ, ಇನ್ನೊಮ್ಮೆ ಧ್ವನಿಯಿಲ್ಲದೆ. ಸಾಧ್ಯವಾದರೆ ಅದೇ ದೃಶ್ಯವನ್ನು ಇನ್ನೊಂದು ತಂಡ ಆಡಿದ್ದನ್ನೂ ತೋರಿಸುತ್ತೇನೆ. ತಾವೇ ನಿಂತು ಪೇಚಾಡಿದ ಜಾಗದಲ್ಲಿ ಪಳಗಿದ ನಟ ಏನು ಮಾಡಿದನೆಂದು ನೋಡುವ ಮಕ್ಕಳು ವಿಗ್ಗು ನೋಡಿ ನಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಆಂತರಿಕ ಮೌಲ್ಯಮಾಪನಕ್ಕೆ ಇವೆಯಲ್ಲವೇ? ಎರಡು ಪ್ರಯೋಗಗಳನ್ನು ಹೋಲಿಸಿ ಒಂದು ಪುಟ ಬರೆಯುವುದನ್ನು ಅದರ ಚಟುವಟಿಕೆಯಾಗಿಸಿದರೆ, ‘ಇದರಿಂದ ಎಷ್ಟು ಮಾರ್ಕ್ಸು’ ಎಂದು ಕೇಳುವ ಪೋಷಕರಿಗೂ ಉತ್ತರ ಸಿಕ್ಕಂತಾಗುತ್ತದೆ.

ಉತ್ತರ: ರಂಗಕರ್ಮಿ, ಸಾಗರ ತಾಲ್ಲೂಕು

ಮೇಡಂ ಹೇಳಿದ ಕ್ರಮ ತರಗತಿಯ ದೃಷ್ಟಿಯಿಂದ ಸರಿಯೆಂದು ಒಪ್ಪುತ್ತೇನೆ. ಆದರೆ ಐದು ನಿಮಿಷದ ತುಣುಕನ್ನು ನಾಲ್ಕು ಸಲ ತಿರುಗಿಸಿ ನೋಡಿದ ಮಗು ನಾಟಕ ನೋಡಿದಂತಾಗಲಿಲ್ಲ, ನಾಟಕದ ಒಂದು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಂತಾಯಿತು. ವರ್ಷಕ್ಕೆ ಒಂದು ಸಲವಾದರೂ ನಡುವೆ ನಿಲ್ಲಿಸದೆ, ವಿವರಣೆ ಕೊಡದೆ, ಪ್ರಶ್ನೆ ಕೇಳದೆ ಒಂದು ನಾಟಕವನ್ನು ಪೂರ್ತಿ ತೋರಿಸಿ. ಕತ್ತಲಲ್ಲಿ ಒಂದೂವರೆ ಗಂಟೆ ಸುಮ್ಮನೆ ಕೂರುವುದೂ ಕಲಿಯಬೇಕಾದ ವಿದ್ಯೆಯೇ.

ಇನ್ನು ವಿಡಿಯೊದ ಗುಣಮಟ್ಟದ ಮಾತು. ಮೇಷ್ಟ್ರು ಅನುಭವಿಸಿದ ತೊಂದರೆಗೆ ನಮ್ಮ ತಂಡಗಳೇ ಕಾರಣ ಎಂದು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ನಾಟಕವನ್ನು ಚಿತ್ರಿಸುವುದೆಂದರೆ ಬಹುಪಾಲು ಕೊನೆಯ ಸಾಲಿನಲ್ಲಿ ಒಂದು ಟ್ರೈಪಾಡು ನಿಲ್ಲಿಸಿ ಗುಂಡಿ ಒತ್ತುವುದಷ್ಟೇ. ಬೆಳಕಿನ ಅಳತೆಯನ್ನು ಕ್ಯಾಮೆರಾ ತಾನಾಗಿ ಹೊಂದಿಸಿಕೊಳ್ಳಲಿ ಎಂದು ಬಿಟ್ಟರೆ ಅದು ರಂಗದ ಕತ್ತಲನ್ನು ಲೆಕ್ಕಕ್ಕೆ ತೆಗೆದುಕೊಂಡು ಇಡೀ ಚಿತ್ರವನ್ನು ಬೆಳಗಿಸಲು ಹೋಗುತ್ತದೆ. ಆಗ ಸ್ಪಾಟ್‌ಲೈಟಿನಲ್ಲಿ ನಿಂತ ನಟನ ಮುಖ ಸುಣ್ಣ ಬಳಿದಂತಾಗಿ ಕಣ್ಣು ಮೂಗು ಅಳಿಸಿಹೋಗುತ್ತವೆ. ಮುಖಕ್ಕೆ ಬೆಳಕು ಬಿದ್ದ ಹೊತ್ತಿನಲ್ಲಿ ಅಳತೆ ಹೊಂದಿಸಿ ಅಲ್ಲಿಗೇ ಕಟ್ಟಿಹಾಕಿದರೆ ಅರ್ಧ ಸಮಸ್ಯೆ ತೀರುತ್ತದೆ. ಧ್ವನಿಯನ್ನು ಕ್ಯಾಮೆರಾದ ಮೈಕಿಗೆ ನಂಬದೆ ಮಿಕ್ಸರಿನಿಂದ ತಂತಿಯಲ್ಲಿ ತೆಗೆದುಕೊಂಡರೆ, ಇಲ್ಲವೇ ರಂಗದ ಅಂಚಿನಲ್ಲಿ ಒಂದು ರೆಕಾರ್ಡರ್ ಇಟ್ಟು ಆಮೇಲೆ ಜೋಡಿಸಿದರೆ, ಇನ್ನರ್ಧ ತೀರುತ್ತದೆ.

ಎರಡು ಮೂರು ಕ್ಯಾಮೆರಾ ಇಟ್ಟು ಅಚ್ಚುಕಟ್ಟಾಗಿ ಚಿತ್ರಿಸಿದಾಗ ಬೇರೊಂದು ಸಮಸ್ಯೆ ಏಳುತ್ತದೆ. ಆ ಹುಡುಗಿ ಕಂಡದ್ದನ್ನೇ ತೆಗೆದುಕೊಳ್ಳಿ. ಶಬರಿಯ ಮುಖವನ್ನು ಹತ್ತಿರದಿಂದ ತೋರಿಸುವ ಮೋಹಕ್ಕೆ ಸಂಕಲನಕಾರ ಬಿದ್ದಿದ್ದರೆ ರಾಮ ಲಕ್ಷ್ಮಣರು ಚೌಕಟ್ಟಿನ ಹೊರಗೆ ಉಳಿಯುತ್ತಿದ್ದರು, ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ನಿಮ್ಮ ಕಳಪೆ ವಿಡಿಯೊ ದೂರದಿಂದ ಇಡೀ ರಂಗವನ್ನು ತೋರಿಸುತ್ತಿದ್ದರಿಂದಲೇ ಅವಳಿಗೆ ಮೂವರೂ ಕಂಡರು. ಪಾಠಕ್ಕೆ ವಿಡಿಯೊ ಆರಿಸುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಕೆಲವು ಪ್ರಯೋಗಗಳಂತೂ ಕ್ಯಾಮೆರಾಕ್ಕೆ ಒಗ್ಗುವುದೇ ಇಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದ ಬಯಲಿನಲ್ಲಿ ರಾತ್ರಿಯಿಡೀ ಆಡಿಸಿದಾಗ, ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದು ಹೋಗಬೇಕಿತ್ತು. ನಡುರಾತ್ರಿಯ ಚಳಿ, ಮಣ್ಣು ತುಳಿದ ನಡಿಗೆ, ಬೆಳಗಿನ ಜಾವದ ತೂಕಡಿಕೆ ಇವೆಲ್ಲ ಆ ನಾಟಕದ ಭಾಗವೇ ಆಗಿದ್ದವು. ಅದನ್ನು ಟಿ.ವಿ.ಯಲ್ಲಿ ನೋಡಿದರೆ ಕಥೆ ತಿಳಿದೀತು, ಅಷ್ಟೇ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ‘ತಿರುಗಾಟ’ ಎಂಬ ತನ್ನ ಸಂಚಾರಿ ನಾಟಕತಂಡವನ್ನು ಊರೂರಿಗೆ ಕಳಿಸುತ್ತಿದೆ. ನಿಮ್ಮ ಜಿಲ್ಲೆಗೆ ಬಂದಾಗ ಮಕ್ಕಳನ್ನು ಒಂದು ಸಂಜೆ ಕರೆದೊಯ್ಯಿರಿ. ಆಮೇಲೆ ಎಷ್ಟು ವಿಡಿಯೊ ತೋರಿಸಿದರೂ ಅವರಿಗೆ ಎರಡರ ವ್ಯತ್ಯಾಸ ತಾನಾಗಿ ಹೊಳೆಯುತ್ತದೆ.

ಉತ್ತರ: ಮ್ಯಾಂಚೆಸ್ಟರಿನಲ್ಲಿರುವ ತಾಯಿ

ನಾನು ಶಿಕ್ಷಕಿಯಲ್ಲ, ಇಂಗ್ಲೆಂಡಿನಲ್ಲಿ ಹೈಸ್ಕೂಲು ಓದುವ ಮಗಳ ತಾಯಿ. ಇಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನಷ್ಟೇ ಹೇಳಬಲ್ಲೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ ತನ್ನ ನಾಟಕಗಳನ್ನು ಊರೂರಿನ ಚಿತ್ರಮಂದಿರಗಳಿಗೆ ನೇರಪ್ರಸಾರ ಮಾಡಲು ಆರಂಭಿಸಿತು. ಆ ಬಳಿಕ ಶಾಲೆಗಳಿಗೆಂದೇ ನಾಟಕಗಳ ವಿಡಿಯೊ ಮುದ್ರಿಕೆಗಳನ್ನು ಪಾಠದ ಟಿಪ್ಪಣಿಗಳೊಂದಿಗೆ ಒದಗಿಸುತ್ತ ಬಂದಿದೆ. ಇಲ್ಲಿಯ ಸರ್ಕಾರಿ ಶಾಲೆಗಳು ಅದಕ್ಕೆ ಹಣ ಕೊಡಬೇಕಾಗಿಲ್ಲ.

ಮೇಡಂ ಅವರು ಎರಡು ಪ್ರಯೋಗಗಳ ಹೋಲಿಕೆಯ ಮಾತೆತ್ತಿದ್ದರಿಂದ ಒಂದು ಉದಾಹರಣೆ ನೆನಪಾಯಿತು. 2011ರಲ್ಲಿ ಅಲ್ಲಿ ಡ್ಯಾನಿ ಬಾಯ್ಲ್ ಆಡಿಸಿದ ‘ಫ್ರಾಂಕೆನ್‌ಸ್ಟೈನ್’ ನಾಟಕದಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮತ್ತು ಜಾನಿ ಲೀ ಮಿಲ್ಲರ್ ಇಬ್ಬರೂ ವಿಜ್ಞಾನಿಯ ಪಾತ್ರವನ್ನೂ ಅವನು ಸೃಷ್ಟಿಸಿದ ಜೀವಿಯ ಪಾತ್ರವನ್ನೂ ಸರದಿಯಂತೆ ಅದಲು ಬದಲು ಮಾಡಿಕೊಂಡು ಆಡಿದರು, ಎರಡೂ ಬಗೆಯವು ಚಿತ್ರೀಕರಣಗೊಂಡವು. 2020ರ ಲಾಕ್‌ಡೌನಿನಲ್ಲಿ ಆ ಸಂಸ್ಥೆ ವಾರಕ್ಕೊಂದು ನಾಟಕವನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ತೋರಿಸಿದಾಗ ನಾವು ಮನೆಯಲ್ಲಿ ಕೂತು ಇವೆರಡನ್ನೂ ನೋಡಿದೆವು. ಮಾತುಗಳು ಅವೇ, ರಂಗ ಅದೇ. ಆದರೂ ಒಂದರಲ್ಲಿ ಆ ಜೀವಿಯ ಮೇಲೆ ಮರುಕ ಹುಟ್ಟಿದರೆ ಇನ್ನೊಂದರಲ್ಲಿ ಹೆದರಿಕೆಯಾಯಿತು. ಹಾಗೇಕಾಯಿತೆಂದು ಮಗಳೂ ನಾನೂ ಊಟದ ಹೊತ್ತಿನಲ್ಲಿ ಎಷ್ಟೋ ದಿನ ವಾದ ಮಾಡಿದ್ದೇವೆ. ಕನ್ನಡದಲ್ಲಿ ಒಂದೇ ನಾಟಕವನ್ನು ಹತ್ತು ತಂಡಗಳು ಆಡುವ ರೂಢಿ ಇರುವಾಗ ಇಂಥ ಜೋಡಿ ಮುದ್ರಿಕೆಗಳು ಶಾಲೆಗಳ ಕೈಗೆ ಏಕೆ ಸಿಗುತ್ತಿಲ್ಲ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಉತ್ತರ: ವಕೀಲಿ ವೃತ್ತಿಯ ನಾಟಕಪ್ರಿಯ, ಧಾರವಾಡ

ಮೇಷ್ಟ್ರ ಮೂರನೆಯ ಪ್ರಶ್ನೆ ಹಾಗೇ ಉಳಿದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52(1)(ಜೆ) ಉಪಬಂಧದಂತೆ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಚಲನಚಿತ್ರವನ್ನು ತೋರಿಸುವುದು ಉಲ್ಲಂಘನೆಯಾಗುವುದಿಲ್ಲ. ಆದರೆ ನೋಡುವವರು ಆ ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಅಥವಾ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಈ ಕಾಯಿದೆಯ ಅರ್ಥದಲ್ಲಿ ನಾಟಕದ ವಿಡಿಯೊ ಕೂಡ ಚಲನಚಿತ್ರವೇ. ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಇಂಥದೇ ಪ್ರೇಕ್ಷಕರ ಮುಂದೆ ನಾಟಕ ಆಡುವುದಕ್ಕೂ ಅದೇ ಉಪಬಂಧ ರಕ್ಷಣೆ ಕೊಡುತ್ತದೆ. ಊರಿನವರನ್ನೆಲ್ಲ ಕರೆದು ತೋರಿಸಿದರೆ ಅಥವಾ ಅದನ್ನು ಇಳಿಸಿಕೊಂಡು ಮತ್ತೊಂದು ಕಡೆ ಏರಿಸಿದರೆ ಈ ರಕ್ಷಣೆ ನಿಮ್ಮ ನೆರವಿಗೆ ಬರುವುದಿಲ್ಲ. ವಿಡಿಯೊ ಇರುವ ಜಾಲತಾಣದ ನಿಬಂಧನೆಗಳನ್ನು ಬೇರೆಯಾಗಿಯೇ ಓದಿಕೊಳ್ಳಬೇಕು.

ಇನ್ನೊಂದು ಸಲಹೆ. ನೀವೇ ಆಡಿ, ಚಿತ್ರಿಸಿ, ಇತರ ಶಾಲೆಗಳೊಂದಿಗೆ ಹಂಚಿಕೊಳ್ಳುವ ಯೋಚನೆಯಿದ್ದರೆ ಟಿ.ಪಿ. ಕೈಲಾಸಂ ಅವರ ನಾಟಕಗಳನ್ನು ಎತ್ತಿಕೊಳ್ಳಬಹುದು. ಅವರು ತೀರಿಕೊಂಡದ್ದು 1946ರಲ್ಲಿ. ಲೇಖಕರ ಮರಣಾನಂತರದ 60 ವರ್ಷಗಳ ಅವಧಿ 2006ಕ್ಕೇ ಮುಗಿದಿದೆ. ಅವರ ಇಂಗ್ಲಿಷ್ ಬೆರೆತ ಆಡುಮಾತನ್ನು ಪುಟದ ಮೇಲೆ ಓದುವುದು ಮಕ್ಕಳಿಗೆ ಕಬ್ಬಿಣದ ಕಡಲೆಯಾದರೂ ಕಿವಿಗೆ ಬಿದ್ದರೆ ತಟ್ಟನೆ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಮುಂದಿರುವ ಹುಡುಗನೋ, ಕಷ್ಟಕಾಲಕ್ಕೆ ಒದಗುವ ಹುಡುಗನೋ, ಯಾರು ಗಟ್ಟಿ ಎಂದು ಕೇಳುವ ‘ಟೊಳ್ಳುಗಟ್ಟಿ’ಯನ್ನು ಶಾಲೆಯಲ್ಲೇ ಆಡುವುದರ ಮೋಜೇ ಬೇರೆ.

ಪ್ರಶ್ನೆ ಕೇಳಿದವರಿಂದ: ಹೈಸ್ಕೂಲು ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಬೆಳಗಿನ ತರಗತಿಯಲ್ಲಿ ಕಿಟಕಿಗೆ ಜಮಖಾನ ಕಟ್ಟಿ, ಪಕ್ಕದ ಕೋಣೆಯ ಸ್ಪೀಕರನ್ನು ತಂದು ಟಿ.ವಿ.ಗೆ ಜೋಡಿಸಿ, ಮೇಡಂ ಹೇಳಿದ ಕ್ರಮದಲ್ಲೇ ಮತ್ತೊಮ್ಮೆ ಪ್ರಯತ್ನಿಸಿದೆ. ಸೀಮೆಸುಣ್ಣದ ಗೆರೆಯೊಳಗೆ ರಾಮ ಲಕ್ಷ್ಮಣರನ್ನು ಎಲ್ಲಿ ನಿಲ್ಲಿಸಬೇಕೆಂಬುದರ ಮೇಲೆಯೇ ಇಪ್ಪತ್ತು ನಿಮಿಷ ಕಳೆಯಿತು. ಮರವೊಂದಿರಬೇಕೆಂದು ಕೆಲವರು ಹಟ ಹಿಡಿದಾಗ ಕೊನೆಯ ಬೆಂಚಿನ ಹುಡುಗನೊಬ್ಬ ತಾನೇ ಮರವಾಗಿ ನಿಂತ. ಮರದ ಮರೆ ಏತಕ್ಕೆ, ಶಬರಿ ದಾರಿಯನ್ನು ನೋಡುತ್ತಲೇ ಇಲ್ಲ, ಹೂ ನೋಡಿಕೊಂಡು ಬರುತ್ತಿದ್ದಾಳೆ, ಆದ್ದರಿಂದ ಅವಳಿಗೆ ಯಾರೂ ಕಾಣುವುದಿಲ್ಲ ಎಂದು ಮೊದಲು ಪ್ರಶ್ನೆ ಕೇಳಿದ ಹುಡುಗಿಯೇ ವಾದಿಸಿ, ಬುಟ್ಟಿ ಹಿಡಿದವಳಂತೆ ತಲೆ ತಗ್ಗಿಸಿ ನಡೆದು ತೋರಿಸಿದಳು. ಆಮೇಲೆ ಅದೇ ವಿಡಿಯೊವನ್ನು ಹಾಕಿದಾಗ, ಆ ಪಾತ್ರಧಾರಿ ಹೂವನ್ನು ನೋಡದೆ ಪ್ರೇಕ್ಷಕರನ್ನೇ ನೋಡುತ್ತ ಹಾಡುತ್ತಿದ್ದಾರೆಂದು ನಾಲ್ಕೈದು ಮಂದಿ ಒಟ್ಟಿಗೆ ತಪ್ಪು ಹಿಡಿದರು. ವಿಗ್ಗಿನ ಸುದ್ದಿ ಯಾರೂ ಎತ್ತಲಿಲ್ಲ.

ಇಡೀ ನಾಟಕವನ್ನು ಒಂದೇ ಸಲ ತೋರಿಸಲು 45 ನಿಮಿಷದ ಎರಡು ಪೀರಿಯಡ್ಡುಗಳನ್ನು ಕೂಡಿಸಬೇಕು, ಅದಕ್ಕೆ ಗಣಿತದ ಮೇಷ್ಟ್ರು ಒಪ್ಪಬೇಕು. ಅವರು ‘ಟೊಳ್ಳುಗಟ್ಟಿ’ಯಾದರೆ ತಾವೂ ಬಂದು ಕೂರುತ್ತೇನೆ ಎಂದಿದ್ದಾರೆ.