ಕಾರಿನ ಬಾಗಿಲಿಗೆ ಡ್ಯಾಂಪಿಂಗ್: ಎಷ್ಟು ಅಂಟಿಸಬೇಕು, ಮಳೆನೀರಿನ ಕತೆ ಏನು?

ಕುಂಬಳೆ_ಕಾರು:
ಹ್ಯಾಚ್‌ಬ್ಯಾಕಿನ ಮುಂದಿನ ಬಾಗಿಲುಗಳಿಗೆ ಆರೂವರೆ ಇಂಚಿನ ಸ್ಪೀಕರ್ ಹಾಕಿಸಿ ಆಗಿದೆ. ವಾಲ್ಯೂಮ್ ಅರ್ಧ ದಾಟಿದರೆ ಬಾಗಿಲು ಗರಗರ ಅಂತದೆ. ಚೆಂಡೆ ಪೆಟ್ಟು ತಗಡಿನ ಡಬ್ಬ ಬಡಿದ ಹಾಗೆ ಕೇಳ್ತದೆ. ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸುವುದಾದರೆ ಬಾಗಿಲು ಪೂರ್ತಿ ಮುಚ್ಚಬೇಕಾ? ತಾರಸಿ ಸೋರಿಕೆಗೆ ಹಾಕುವ ಡಾಂಬರಿನ ಟೇಪ್ ಅಗ್ಗಕ್ಕೆ ಉಂಟು, ಅದಾಗ್ತದಾ? ನಮ್ಮ ಆಟಿ ಮಳೆಗೆ ಒಳಗೆ ನೀರು ನಿಂತು ತುಕ್ಕು ಹಿಡಿಯುವ ಹೆದರಿಕೆಯೂ ಉಂಟು.

ಬೇಕಲ_ಬಾಸ್:
ಡಾಂಬರಿನ ಟೇಪ್ ಬೇಡವೇ ಬೇಡ ಮಾರಾಯ್ರೆ. ಮೇ ತಿಂಗಳ ಬಿಸಿಲಿಗೆ ಮೆತ್ತಗಾಗಿ ಜಾರ್ತದೆ, ವಾಸನೆ ಬೇರೆ. ಅಲ್ಯುಮಿನಿಯಂ ಹಾಳೆ ಇರುವ 2 ಮಿ.ಮೀ. ಬ್ಯೂಟೈಲ್ (ಅಂಟು ರಬ್ಬರ್) ಶೀಟ್ ತಗೊಳ್ಳಿ. ಆ ಹಾಳೆ ಚಂದಕ್ಕೆ ಇರುವುದಲ್ಲ: ತಗಡು ನಡುಗುವಾಗ ನಡುವೆ ಸಿಕ್ಕಿದ ಬ್ಯೂಟೈಲ್ ಎಳೆದಾಡಿ ಆ ನಡುಕವನ್ನು ಬಿಸಿಯಾಗಿ ಕರಗಿಸ್ತದೆ.

ಹೊರತಗಡಿಗೆ ಮೂರನೇ ಒಂದು ಭಾಗ ಸಾಕು. ಮಧ್ಯದ ಸಪಾಟು ಜಾಗ, ಮತ್ತೆ ಸ್ಪೀಕರಿನ ನೇರ ಹಿಂದೆ. ಗೆಣ್ಣಿನಿಂದ ತಟ್ಟಿ, ‘ಟಂಗ್’ ಹೋಗಿ ‘ಠಕ್’ ಬಂದರೆ ಆಯ್ತು. ಉಳಿದ ಶೀಟ್ ಒಳತಗಡಿನ ತೂತುಗಳಿಗೆ. ಸ್ಪೀಕರಿನ ಹಿಂದಿನ ಗಾಳಿ ಆ ತೂತುಗಳಿಂದ ಹೊರಬಂದು ಮುಂದಿನ ಸದ್ದನ್ನು ತಿಂದುಹಾಕುವುದರಿಂದಲೇ ಬಾಸ್ ಸಾಯುವುದು. ಅಂಗೈಗಿಂತ ದೊಡ್ಡ ತೂತಿಗೆ ಬರೀ ಶೀಟ್ ಹಾಕಿದರೆ ಅದೇ ಡೋಲಿನ ಚರ್ಮದ ಹಾಗೆ ಕುಣೀತದೆ. ಮೊದಲು ಅಲ್ಯುಮಿನಿಯಂ ತಗಡು ಕತ್ತರಿಸಿ ಸ್ಕ್ರೂ ಹಾಕಿ, ಮೇಲಿಂದ ಬ್ಯೂಟೈಲ್. ನಾಳೆ ಗ್ಲಾಸಿನ ಮೋಟಾರ್ ಕೆಟ್ಟರೆ ಬಿಚ್ಚಲಿಕ್ಕೂ ಬರ್ತದೆ. ಎರಡು ಬಾಗಿಲಿಗೆ ಸುಮಾರು ಒಂದೂವರೆ ಚದರ ಮೀಟರ್, ನಾಲ್ಕೈದು ಕಿಲೋ ಭಾರ.

ಮಂಜೇಶ್ವರ_66:
ನೀರಿನ ವಿಷಯ. ಗ್ಲಾಸಿನ ಬೀಡಿಂಗ್ (ರಬ್ಬರ್ ಪಟ್ಟಿ) ದಾಟಿ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಕೆಳಅಂಚಿನ ಸಣ್ಣ ತೂತುಗಳಿಂದ ಹೊರಗೆ ಹೋಗಲಿಕ್ಕೇ ಅದನ್ನು ಮಾಡಿದ್ದು. ಆ ಅಂಚಿನಿಂದ ಎರಡು ಇಂಚು ಮೇಲೆಯೇ ಶೀಟ್ ನಿಲ್ಲಿಸಿ. ಸ್ಪಂಜ್ ಒಳಗೆ ಹಾಕಬೇಡಿ, ನೀರು ಕುಡಿದು ಕೂರ್ತದೆ. ಉಪ್ಪುಗಾಳಿಯ ಊರಲ್ಲಿ ತಗಡು ತುಕ್ಕು ಹಿಡಿಯಲಿಕ್ಕೆ ಅಷ್ಟೇ ಸಾಕು. ಸ್ಪೀಕರ್ ಕೂರಿಸುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗೂ ಉಬ್ಬಿ ಹೋಗ್ತದೆ, ಪ್ಲಾಸ್ಟಿಕ್ಕಿನದ್ದು ಹಾಕಿ.

ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚುವಾಗ ಹಿಡಿಕೆಯ ಮುಚ್ಚಳದಡಿಯ ಸ್ಕ್ರೂ ಮರೀಬೇಡಿ. ಎಂಟು ಹತ್ತು ಹೊಸ ಕ್ಲಿಪ್ ಮೊದಲೇ ತಂದಿಡಿ, ಹಳೆಯದು ಮುರೀತದೆ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯ ಕಪ್ಪು ಅಂಟನ್ನು ಬ್ಯೂಟೈಲ್ ಉಂಡೆಯಿಂದಲೇ ಒತ್ತಿ ಎಳೆದು ತೆಗೆಯಿರಿ. ಮತ್ತೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ; ಒಳಗೆ ಕೂತ ಕೆಂಪು ಧೂಳು ಹೋಗದಿದ್ದರೆ ಶೀಟ್ ಒಂದೇ ಮಳೆಗಾಲಕ್ಕೆ ಸುಲೀತದೆ. ಶೀಟ್ ಒತ್ತುವ ರೋಲರ್, ಹಾಳೆಯ ಉಬ್ಬುಚಿತ್ತಾರ ಮಾಸುವವರೆಗೆ ಓಡಬೇಕು. ಪ್ಯಾಡ್ ಹಾಕುವ ಮೊದಲು ಬೀಡಿಂಗಿನ ಹೊರಗಿಂದ ಒಂದು ಚೊಂಬು ನೀರು ಹೊಯ್ದು ನೋಡಿ, ಕೆಳಗಿಂದ ದಾರದ ಹಾಗೆ ಇಳಿಯಬೇಕು.

ಬದಿಯಡ್ಕ_ಟ್ಯೂನ್:
ಗರಗರ ಅರ್ಧಕ್ಕರ್ಧ ಪ್ಯಾಡಿನದ್ದೇ. ಫೋನಿನಿಂದ 40ರಿಂದ 200 ಹರ್ಟ್ಸ್ ಸ್ವೀಪ್ (ತಗ್ಗಿನಿಂದ ಏರುತ್ತಾ ಹೋಗುವ ಸ್ವರ) ಹಾಕಿ, ಪ್ಯಾಡನ್ನು ಅಲ್ಲಲ್ಲಿ ಒತ್ತಿ ಹಿಡಿಯಿರಿ; ಸದ್ದು ನಿಂತ ಜಾಗಕ್ಕೆ ಫೆಲ್ಟ್ ಟೇಪ್. ಲಾಕಿನ ಸರಳಿಗೂ ವೈರಿಗೂ ಅದನ್ನೇ ಸುತ್ತಿ. ಸ್ಟೀರಿಯೋದ ಹೈ ಪಾಸ್ (ಅದಕ್ಕಿಂತ ತಗ್ಗಿನ ಸದ್ದನ್ನು ತಡೆಯುವ ಫಿಲ್ಟರ್) 80 ಹರ್ಟ್ಸಿಗೆ ಇಡಿ, ಈ ಸ್ಪೀಕರಿನಿಂದ 40 ಹರ್ಟ್ಸ್ ಕೇಳುವುದು ಅನ್ಯಾಯ.

ಕುಂಬಳೆ_ಕಾರು:
ಪ್ಯಾಡ್ ಬಿಚ್ಚಿದ ಮೇಲೆ ಗ್ಲಾಸ್ ಇಳಿಸಿ ನೋಡುವುದು ಹೇಗೆ?

ಮಂಜೇಶ್ವರ_66:
ಸ್ವಿಚ್ ಮಾತ್ರ ವೈರಿಗೆ ಸಿಕ್ಕಿಸಿ ಕೀ ಆನ್ ಮಾಡಿ. ಆದರೆ ಕೆಲವು ಕಾರಿನ ಬಾಗಿಲಲ್ಲಿ ಸೈಡ್ ಏರ್‌ಬ್ಯಾಗಿನ ಸೆನ್ಸರ್ ಇರ್ತದೆ. ಅದರ ಪ್ಲಗ್ ತೆಗೆದಿಟ್ಟು ಕೀ ತಿರುಗಿಸಿದರೆ ಏರ್‌ಬ್ಯಾಗ್ ಲೈಟ್ ಉರಿಯುತ್ತಲೇ ಇರ್ತದೆ. ಅದರ ಮೇಲೆ ಶೀಟೂ ಬೇಡ.